ತೆನೆ ಬೆಂದಿತೇ?

ಜೋಳದ ತೆನೆ ಬೇಯಿಸೋದೇನು ಮಹಾ ಕೆಲಸ ಅನ್ನುವವರ ಮನೆಯಲ್ಲಿ ದೊಡ್ಡ ಪಾತ್ರೆ ಇರುತ್ತದೆ. ನಮ್ಮ ಮನೆಯಲ್ಲಿರುವುದು ಇಡ್ಲಿ ಪಾತ್ರೆ. ತೆನೆ ಅಡ್ಡ ಇಟ್ಟರೆ ಕೂರಲ್ಲ, ನಿಲ್ಲಿಸಿದರೆ ಮುಚ್ಚಳ ಅದರ ತಲೆ ಮೇಲೆ ಟೋಪಿ ಹಾಗೆ ನಿಲ್ಲುತ್ತದೆ.

ಸ್ವೀಟ್ ಕಾರ್ನ್ ಆಗಿದ್ದರೆ ಕೈಯಲ್ಲೇ ಪಟಕ್ಕನೆ ಮುರಿಯಬಹುದಿತ್ತು. ಹತ್ತು ನಿಮಿಷದ ಹಬೆ ಸಾಕಿತ್ತು. ಆದರೆ ನಮ್ಮ ಮನೆಯವರು ದಾವಣಗೆರೆಯಲ್ಲಿ ಮದುವೆ ಮುಗಿಸಿಕೊಂಡು ಬರುವಾಗ ಹೆದ್ದಾರಿ ಪಕ್ಕದ ಹೊಲ ನೋಡಿ ಮನಸೋತರು. ಆ ಸೀಮೆಯಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳ. ಅದೆಲ್ಲ ಜಾಸ್ತಿ ಹೋಗುವುದು ಕೋಳಿ ಆಹಾರಕ್ಕೆ. ಇದು ಹೊಳೆಯುವಷ್ಟರಲ್ಲಿ ಒಂದು ಚೀಲ ತೆನೆ ಕಾರಿನ ಡಿಕ್ಕಿ ಸೇರಿತ್ತು.

ಅತ್ತೆ ಸಿಪ್ಪೆ ಸುಲಿದು ಕಾಳಿಗೆ ಉಗುರು ಒತ್ತಿದರು. ಎಳೇದಾದರೆ ಹಾಲು ಬರಬೇಕು. ಇಲ್ಲಿ ಉಗುರೇ ಮಡಚಿತು.

"ಬಲಿತು ಕಲ್ಲಾಗಿದೆ ಕಣೋ."

"ಬೇಯಿಸಿದ್ರೆ ಸರಿಹೋಗತ್ತೆ ಬಿಡಮ್ಮ."

ಕುಕ್ಕರಿಗೆ ಹಾಕೋಣ ಅಂದೆ. ಕೂಡದಂತೆ! ನೀರಿಗೆ ಬಿದ್ದರೆ ಸಿಹಿ ಬಿಟ್ಟುಕೊಳ್ಳುತ್ತದೆ, ಹಬೆಯಲ್ಲೇ ಬೇಯಬೇಕು ಎಂದು ಮೊಬೈಲು ಹೇಳಿತಂತೆ. ಸಿಹಿ ಇದ್ದರಲ್ವಾ ಬಿಡೋದು? ಎಳೆ ತೆನೆಯಲ್ಲೇ ಕಿತ್ತ ಮೇಲೆ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಇದು ಗಿಡದಲ್ಲೇ ಆ ಕೆಲಸ ಮುಗಿಸಿಕೊಂಡು ಬಂದಿತ್ತು.

ಇನ್ನು ಆ ಕಂದು ಕೂದಲು. ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು, ಪರಾಗ ಇಳಿಯುವ ದಾರಿಯೇ ಅದು ಎಂದು ಮಗ ಶಾಲೆಯ ಪಾಠ ಒಪ್ಪಿಸಿದ. ಒಂದು ತೆನೆಯಲ್ಲಿ ನೂರಾರು ಕಾಳು. ಅಷ್ಟೂ ಕೂದಲು ಸಿಂಕಿನಲ್ಲಿ, ನನ್ನ ನೈಟಿ ಮೇಲೆ, ಮರುದಿನದ ಸಾರಿನಲ್ಲಿ.

ಮುರಿಯುವ ಜವಾಬ್ದಾರಿ ನಮ್ಮವರದು. ಮಂಡ್ಯದ ಕಡೆಯವರು, ಕಬ್ಬನ್ನು ಮಂಡಿಗೆ ಕೊಟ್ಟು ಮುರಿದು ಬೆಳೆದವರು. ತೆನೆಯನ್ನೂ ಮಂಡಿಗೆ ಕೊಟ್ಟರು. ತೆನೆಗೆ ಏನೂ ಆಗಲಿಲ್ಲ. ಮಂಡಿಗೆ ಮುಲಾಮು ಹಚ್ಚಿದ ಮೇಲೆ ಎಳನೀರು ಕೆತ್ತುವ ಮಚ್ಚು ಬಂತು.

ಅಂತೂ ತುಂಡುಗಳು ಇಡ್ಲಿ ಪಾತ್ರೆ ಸೇರಿದವು. ಈ ಪಾತ್ರೆಯ ತಳದಲ್ಲಿ ಅತ್ತೆ ಸದಾ ಒಂದು ರೂಪಾಯಿ ನಾಣ್ಯ ಇಟ್ಟಿರುತ್ತಾರೆ. ನೀರು ಕುದಿಯುವಾಗ ಅದು ಟಣಟಣ ಕುಣಿಯುತ್ತದೆ. ಸದ್ದು ನಿಂತರೆ ನೀರು ಆರಿತೆಂದು ಅರ್ಥ. ಅವತ್ತು ಸದ್ದು ಶುರುವೇ ಆಗಲಿಲ್ಲ. "ಇನ್ನೂ ಕುದಿ ಬಂದಿಲ್ಲ, ಎಷ್ಟಾದ್ರೂ ಬಲಿತ ಜೋಳ" ಎಂದು ಅತ್ತೆ ಧಾರಾವಾಹಿ ಮುಂದೆ ಕೂತರು. ನಮ್ಮವರು ಗ್ಯಾಸ್ ಜೋರು ಮಾಡಿದರು. ಸೊಸೆ ಕೊಲೆ ಸಂಚು ಹೂಡುವ ಹೊತ್ತಿಗೆ ಹಾಲ್‌ಗೆ ಹೊಗೆ ಬಂತು.

ನಾಣ್ಯ ಸೋಫಾ ಮೇಲಿತ್ತು. ರಿಮೋಟ್‌ಗೆ ಸೆಲ್ ಹಾಕಲು ಮುಚ್ಚಳದ ಸ್ಕ್ರೂ ತಿರುಗಿಸಬೇಕಿತ್ತಂತೆ. ಎಲ್ಲರೂ ಫೋನಲ್ಲೇ ದುಡ್ಡು ಕೊಡುವ ಈ ಕಾಲದಲ್ಲಿ ಮನೆಯಲ್ಲಿ ಮಗನಿಗೆ ಸಿಕ್ಕ ನಾಣ್ಯ ಅದೊಂದೇ.

ಪಾತ್ರೆಯ ತಳ ಕಪ್ಪಾಗಿತ್ತು. ತೆನೆ ಬೆಂದಿರಲಿಲ್ಲ, ಸೀದಿತ್ತು. ನಮ್ಮವರು ಸೋಲೊಪ್ಪುವ ಜನವಲ್ಲ. ನಿಂಬೆಹಣ್ಣು, ಉಪ್ಪು, ಖಾರದಪುಡಿ ಉಜ್ಜಿಕೊಂಡು "ಕೆಂಡದಲ್ಲಿ ಸುಟ್ಟ ರುಚಿ ಬಂದಿದೆ ನೋಡು" ಎಂದು ಅಗಿಯತೊಡಗಿದರು. ಧಾರಾವಾಹಿ ಮುಗಿದು ವಾರ್ತೆ ಬಂದರೂ ಅಗಿಯುತ್ತಲೇ ಇದ್ದರು.

ಉಳಿದ ತೆನೆಯನ್ನು ಅತ್ತೆ ತಾರಸಿಯಲ್ಲಿ ಒಣಗಲು ಹರವಿದರು, ಮಿಲ್ಲಿಗೆ ಹಾಕಿಸಿದರೆ ರೊಟ್ಟಿಗಾದರೂ ಆದೀತೆಂದು. ಬಟ್ಟೆ ತೆಗೆಯಲು ಬಂದ ಪಕ್ಕದ ಮನೆ ಆಂಟಿ ಕೇಳಿದರು, "ಏನಮ್ಮಾ, ಕೋಳಿ ಸಾಕ್ತಿದ್ದೀರಾ?"

ಅತ್ತೆ ತಮ್ಮ ಮಗನ ಕಡೆ ನೋಡಿ ಹೇಳಿದರು, "ಹೂಂ, ಒಂದಿದೆ."