ತುಂಬದ ಗುಂಡಿಯ ಮಹಿಮೆ

ಮಳೆ ಶುರುವಾಯಿತು, ಮೈಕಿನ ರಿಕ್ಷಾವೂ ಬಂತು. "ಸಾರ್ವಜನಿಕರು ಬಾವಿ ನೀರನ್ನು ಕುದಿಸಿ ಆರಿಸಿ ಕುಡಿಯಬೇಕಾಗಿ ವಿನಂತಿ." ಪ್ರತಿ ಜೂನ್‌ನಲ್ಲೂ ಇದೇ ಧ್ವನಿ, ಇದೇ ವಾಕ್ಯ. ಕುದಿಸೋಣ, ಅದಕ್ಕೇನಂತೆ. ಆದರೆ ಬಾವಿಗೆ ಎಂತ ಸೇರಿದೆ ಅಂತ ಕುದಿಸಬೇಕು? ಅದನ್ನು ಕೇಳುವಷ್ಟರಲ್ಲಿ ರಿಕ್ಷಾ ತಿರುವು ದಾಟಿರುತ್ತದೆ.

ಉಡುಪಿ ಪೇಟೆಯಿಂದ ಸ್ವಲ್ಪ ಆಚೆ, ನಮ್ಮ ಬದಿಯ ಹಳೇ ಹಂಚಿನ ಮನೆಗಳ ಯಜಮಾನರಿಗೆ ಎರಡು ಹೆಮ್ಮೆ. ಒಂದು, ಮಗ ದುಬೈಯಲ್ಲಿದ್ದಾನೆ. ಇನ್ನೊಂದು, "ನಮ್ಮ ಪಾಯಿಖಾನೆ ಪಿಟ್ ಕಟ್ಟಿ ಮೂವತ್ತು ವರ್ಷ ಆಯ್ತು ಮಾರಾಯ್ರೆ, ಒಂದು ಸಲವೂ ತುಂಬಿಲ್ಲ!" ಮಗನ ವಿಷಯ ಹೇಳುವಾಗ ಕಾಣದ ಹೊಳಪು ಇದನ್ನು ಹೇಳುವಾಗ ಕಣ್ಣಲ್ಲಿ ಕಾಣುತ್ತದೆ.

ಅಲ್ಲ ಸ್ವಾಮಿ, ಸೆಪ್ಟಿಕ್ ಟ್ಯಾಂಕ್ ಇರುವುದೇ ತುಂಬುವುದಕ್ಕೆ. ಗಟ್ಟಿಯದ್ದು ತಳದಲ್ಲಿ ಕೂರಬೇಕು. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಅದನ್ನು ತಿಂದು ಒಂದಿಷ್ಟು ಕರಗಿಸಬೇಕು. ಉಳಿದ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ಗಾಡಿ ಕರೆಸಿ ತೆಗೆಸಬೇಕು. ಮೂವತ್ತು ವರ್ಷವಾದರೂ ತುಂಬದೇ ಇದ್ದದ್ದು ಟ್ಯಾಂಕಲ್ಲ, ಮುರಕಲ್ಲಿನಲ್ಲಿ ತೋಡಿದ ತಳವಿಲ್ಲದ ಗುಂಡಿ. ಮುರಕಲ್ಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು, ಮೈಯೆಲ್ಲ ತೂತು. ಮೇಲಿಂದ ವರ್ಷಕ್ಕೆ 4000 ಮಿಲಿಮೀಟರಿನ ಹತ್ತಿರ ಸುರಿಯುವ ಮಳೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಬಾವಿ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬಂದಾಗ ಬಾವಿ, ಗುಂಡಿ ಎರಡೂ ಅವಿಭಕ್ತ ಕುಟುಂಬ. ಪಾಲುಪಟ್ಟಿ ಆಗುವುದು ಫೆಬ್ರವರಿಯಲ್ಲಿ.

ನಿಯಮ ಇಲ್ಲವೇ? ಭರ್ಜರಿಯಾಗಿದೆ. ಪಾಯಿಖಾನೆಯ ನೀರು ಇಂಗುವ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್ ಅಂತರ ಇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 18 ಮೀಟರ್ ಅಂದರೆ ಹೆಚ್ಚುಕಡಿಮೆ 59 ಅಡಿ. ಈಗ ನಿಮ್ಮ ಐದು ಸೆಂಟ್ಸ್ ಜಾಗ ತಗೊಳ್ಳಿ. ಚೌಕಾಕಾರ ಅಂತಿಟ್ಟುಕೊಂಡರೂ ಒಂದು ಬದಿ 47 ಅಡಿ ಆಗುವುದಿಲ್ಲ. ಬಾವಿಯನ್ನು ಈಶಾನ್ಯದ ಮೂಲೆಗೂ ಪಿಟ್ಟನ್ನು ನೈಋತ್ಯದ ಮೂಲೆಗೂ ಒತ್ತಿ, ನಡುವೆ ಮನೆ ಕಟ್ಟಿದರೆ ಲೆಕ್ಕ ಹೇಗೋ ಸರಿಹೋಗುತ್ತದೆ. ಹಾಗಾಗಿ ನಕ್ಷೆಯಲ್ಲಿ ಎಲ್ಲರ ಪಿಟ್ಟೂ ಆ ಮೂಲೆಯಲ್ಲೇ ಇರುತ್ತದೆ. ಆ ಮೂಲೆಯಿಂದ ಹತ್ತು ಅಡಿ ಆಚೆ ಪಕ್ಕದ ಮನೆಯವರ ಬಾವಿ. ಅದು ನಕ್ಷೆಯಲ್ಲಿ ಇಲ್ಲ. ನಕ್ಷೆಯಲ್ಲಿ ಕಂಪೌಂಡಿನ ಆಚೆ ಬರೀ ಬಿಳಿ ಕಾಗದ. ಸೀಲ್ ಬೀಳುವುದೂ ಆ ಬಿಳಿ ಜಾಗದಲ್ಲೇ. ಎಷ್ಟು ಚಂದ, ಅಲ್ವಾ?

ಪೈಪಿನ ಕತೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಮನೆಯಲ್ಲಿ ಇನ್ನೂ ಹಳೇ ಜಿಐ ಪೈಪು, ಅಂದರೆ ಸತು ಬಳಿದ ಕಬ್ಬಿಣದ್ದು. ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಬಿಳಿ ಪಂಚೆ ಎರಡೇ ತಿಂಗಳಲ್ಲಿ ಕಾವಿಯಾಗುತ್ತದೆ. ಸಂನ್ಯಾಸಕ್ಕೆ ಬೇರೆ ಖರ್ಚಿಲ್ಲ. ಬಚ್ಚಲಿನ ನಳ್ಳಿಯಲ್ಲಿ ನೀರು ನೂಲಿನ ಹಾಗೆ ಬರುತ್ತಿತ್ತು. ಪಂಪು ಬೇರೆ ಏರ್ ಹಿಡಿದು, ದಿನಾ ಬೆಳಿಗ್ಗೆ ಅದಕ್ಕೆ ಒಂದು ಕೊಡಪಾನ ನೀರು ಕುಡಿಸಿದರೆ ಮಾತ್ರ ಏಳುತ್ತಿತ್ತು. ನೀರು ವಾಪಸ್ ಬಾವಿಗೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರುತ್ತಿದೆ ಅಂತ ನನಗೂ ಗೊತ್ತಿತ್ತು. ಆದರೆ ಪ್ಲಂಬರ್ ಸಿಗಬೇಕಲ್ಲ? ಹನ್ನೊಂದು ಸಲ ಫೋನ್ ಮಾಡಿದ ಮೇಲೆ ಬಂದರು. ಪೈಪು ಕತ್ತರಿಸಿ ತೋರಿಸಿದರು. ಒಳಗೆ ತುಕ್ಕು ಕಟ್ಟಿ ಕಟ್ಟಿ ಪೆನ್ಸಿಲ್ ತೂರುವಷ್ಟೇ ಜಾಗ. "ಈ ಲೈನ್ ಯಾರು ಎಳೆದದ್ದು ಮಾರಾಯ್ರೆ? ತಲೆ ಇಲ್ವಾ ಅವರಿಗೆ?" ಅಂತ ಬೈದರು. ಒಂಬತ್ತು ವರ್ಷದ ಹಿಂದೆ ಎಳೆದದ್ದು ಅವರೇ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಇನ್ನೊಂದು ಹನ್ನೊಂದು ಫೋನು.

ಹೋಗುವ ಮೊದಲು ಅವರೇ ಕೇಳಿದರು, "ಪಿಟ್ಟಿನ ಚಪ್ಪಡಿ ಎಲ್ಲಿ?" ಮನೆಮಂದಿಯೆಲ್ಲ ಮುಖಮುಖ ನೋಡಿಕೊಂಡೆವು. ತಂಗಿಯ ಮದುವೆಗೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೆವು. ಚಪ್ಪಡಿ ಅದರ ಅಡಿಯಲ್ಲೆಲ್ಲೋ ಇದೆ. ಬಾವಿಯಿಂದ ಎಷ್ಟು ದೂರ ಅಂತ ಅಳೆಯುವ ಧೈರ್ಯ ಯಾರಿಗೂ ಬರಲಿಲ್ಲ. ನಾನು ಯಜಮಾನರನ್ನು ಆಡಿಕೊಂಡದ್ದೇ ಬಂತು.

ಇಷ್ಟೆಲ್ಲ ನಗಬಹುದು. ನಗು ಬಾರದ್ದೊಂದಿದೆ. ಓಣಿ ಚಿಕ್ಕದು, ಗಾಡಿ ಬರುವುದಿಲ್ಲ ಅಂತ ರಾತ್ರಿ ಹೊತ್ತು ಯಾರನ್ನೋ ಕರೆಸಿ ಗುಂಡಿಗೆ ಇಳಿಸುವವರು ಇನ್ನೂ ಇದ್ದಾರೆ. ಇದು ಅಪರಾಧ ಅಂತ 2013ರಲ್ಲೇ ಕಾಯ್ದೆ ಬಂದಿದೆ. ಒಳಗಿನ ವಿಷಗಾಳಿಗೆ ಮನುಷ್ಯ ಕೂಗುವುದಕ್ಕೂ ಪುರುಸೊತ್ತಿಲ್ಲದೆ ಬೀಳುತ್ತಾನೆ. ಮರುದಿನ ಪೇಪರಿನಲ್ಲಿ ನಾಲ್ಕು ಸಾಲು. ಇಂಟರ್‌ಲಾಕಿಗೆ ದುಡ್ಡಿದೆ, ಗೇಟಿನ ಸಿಂಹಕ್ಕೆ ದುಡ್ಡಿದೆ, ಉದ್ದದ ಪೈಪಿರುವ ಗಾಡಿ ತರಿಸುವುದಕ್ಕೆ ಇಲ್ಲ. ನಾಚಿಕೆಯಾಗಬೇಕು ನಮಗೆ.

ಮೊನ್ನೆ ಆ ಮೂವತ್ತು ವರ್ಷದ ಯಜಮಾನರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತರೆ ಬಾವಿಕಟ್ಟೆ ಎದುರಿಗೇ ಕಾಣುತ್ತದೆ. ಬಾವಿಯಲ್ಲೊಂದು ಆಮೆ ಸಾಕಿದ್ದಾರೆ, ನೀರು ಶುದ್ಧ ಮಾಡುತ್ತದಂತೆ. ಬಗ್ಗಿ ನೋಡಿದೆ. ತಲೆ ಮೇಲೆತ್ತಿ ನನ್ನನ್ನೇ ನೋಡುತ್ತಿತ್ತು. ಎಷ್ಟು ಮನೆಯ ಜವಾಬ್ದಾರಿಯೋ ಪಾಪ.

"ಕಾಫಿ ಮಾಡಿಸ್ಲಾ?" ಅಂದರು.

"ಬೇಡ, ಈಗಷ್ಟೇ ಆಯ್ತು" ಅಂದೆ.

"ಹಾಗಾದ್ರೆ ಒಂದು ಲೋಟ ತಣ್ಣೀರಾದ್ರೂ?"