ನೈಜೀರಿಯಾದ ಹೆಣ್ಣು ಬಾಯಿ ಮುಚ್ಚಿಕೊಂಡು ಕೂತಿದ್ದು ಯಾವಾಗ?

ಈಗಷ್ಟೇ ಒಂದು ಗೋಷ್ಠಿಯಿಂದ ಬಂದೆ. ವಿಷಯ ನೈಜೀರಿಯಾದ ಸಾಹಿತ್ಯದಲ್ಲಿ ಮಹಿಳೆ. ಈ ವಿಷಯದ ಹುಚ್ಚು ನನಗೆಷ್ಟು ಅಂತ ನಿಮಗೆಲ್ಲ ಗೊತ್ತೇ ಇದೆ, ಹಾಗಾಗಿ ಮೊದಲ ಸಾಲಿನಲ್ಲೇ ಕೂತಿದ್ದೆ. ಭಾಷಣ ಶುರುವಾಗಿದ್ದೇ ಹೀಗೆ: ತಲೆತಲಾಂತರದಿಂದ ಬಾಯಿ ಮುಚ್ಚಿಕೊಂಡಿದ್ದ ನೈಜೀರಿಯಾದ ಹೆಣ್ಣು, ಲೇಖಕಿ ಚಿಮಮಾಂಡ ಅಡಿಚಿ ಬಂದಮೇಲೆ ಮಾತಾಡಲು ಕಲಿತಳು. ಕೊನೆಯವರೆಗೂ ಅದೇ ರಾಗ. ಅಡಿಚಿಗಿಂತ ಮೊದಲೇ ಬರೆದ ಅಲ್ಲಿನ ಲೇಖಕಿ ಫ್ಲೋರಾ ನ್ವಾಪಾ ಅವರ ಹೆಸರು ಒಂದು ಸಲವೂ ಬರಲಿಲ್ಲ. ಪ್ರಶ್ನೆ ಕೇಳಲು ಸಮಯ ಕೊಡಲಿಲ್ಲ. ಸಿಟ್ಟು ಇಳಿದಿಲ್ಲ, ಇಲ್ಲೇ ಬರೆಯುತ್ತೇನೆ.

ನ್ವಾಪಾ ಅವರ 'ಎಫುರು' ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಗಿದ್ದು 1966ರಲ್ಲಿ. ಅಡಿಚಿ ಹುಟ್ಟಿದ್ದು 1977ರಲ್ಲಿ. ಇನ್ನು ಎಫುರು ಎಂಥವಳು ನೋಡಿ. ತೆರ (ಹೆಣ್ಣಿನ ಮನೆಯವರಿಗೆ ಗಂಡು ಕೊಡಬೇಕಾದ ಹಣ) ಕೊಡಲು ಕಾಸಿಲ್ಲದ ಹುಡುಗನನ್ನು ಮೆಚ್ಚಿ, ಅಪ್ಪನಿಗೆ ಹೇಳದೆ ಅವನ ಮನೆಗೆ ಹೋಗಿಬಿಡುತ್ತಾಳೆ. ಹೊಲದ ಕೆಲಸ ನನಗೆ ಒಗ್ಗುವುದಿಲ್ಲ, ವ್ಯಾಪಾರ ಮಾಡುತ್ತೇನೆ ಅನ್ನುತ್ತಾಳೆ, ಮಾಡಿ ಗೆಲ್ಲುತ್ತಾಳೆ. ಗಂಡ ಹೆಂಡತಿ ದುಡಿದ ದುಡ್ಡಿನಲ್ಲೇ ಆಮೇಲೆ ತೆರ ತೀರುತ್ತದೆ. ಮುಂದೆ ಆ ಗಂಡ ಇನ್ನೊಬ್ಬಳ ಹಿಂದೆ ಹೋಗುತ್ತಾನೆ, ಇದ್ದ ಒಂದು ಮಗುವೂ ಸಾಯುತ್ತದೆ. ಎಫುರು ತವರಿಗೆ ಬಂದು ಮತ್ತೆ ವ್ಯಾಪಾರ ಮಾಡುತ್ತಾಳೆ, ಮತ್ತೆ ಮದುವೆಯಾಗುತ್ತಾಳೆ. ಎರಡನೆಯವನು ಶೀಲ ಶಂಕಿಸಿದಾಗ ಅವನನ್ನೂ ಬಿಟ್ಟು ಬರುತ್ತಾಳೆ. ಅಷ್ಟರಲ್ಲಿ ಊರಿನ ಸರೋವರದ ದೇವತೆ ಉಹಮಿರಿ ಅವಳನ್ನು ತನ್ನವಳಾಗಿ ಆರಿಸಿಕೊಂಡಿದ್ದಾಳೆ. ಆ ದೇವತೆಗೆ ಸಂಪತ್ತಿದೆ, ಚೆಲುವಿದೆ, ಮಕ್ಕಳಿಲ್ಲ. ಹಾಗಿದ್ದರೆ ಹೆಂಗಸರು ಅವಳನ್ನು ಪೂಜಿಸುವುದೇಕೆ? ಈ ಪ್ರಶ್ನೆಯಲ್ಲಿ ಕಾದಂಬರಿ ಮುಗಿಯುತ್ತದೆ. ಇವಳಾ ಬಾಯಿ ಮುಚ್ಚಿಕೊಂಡಿದ್ದವಳು?

ಇಂಥ ಹೆಣ್ಣು ನ್ವಾಪಾ ಅವರ ಕಲ್ಪನೆಯಲ್ಲಿ ಸುಮ್ನೆ ಹುಟ್ಟಿದವಳಲ್ಲ. 1929ರಲ್ಲಿ ನೈಜೀರಿಯಾದ ಪೂರ್ವ ಭಾಗದ ಹೆಂಗಸರು, ಬ್ರಿಟಿಷರು ತಮ್ಮ ಮೇಲೂ ತೆರಿಗೆ ಹಾಕುತ್ತಾರೆ ಎಂಬ ಸುದ್ದಿ ಕೇಳಿ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಬ್ರಿಟಿಷರು ನೇಮಿಸಿದ್ದ ಮುಖಂಡರ ಮನೆ ಮುಂದೆ ಕೂತು ಹಾಡಿ ಕುಣಿದು ಅವರ ಮಾನ ಕಳೆದರು. ಗುಂಡಿಗೆ 50ಕ್ಕೂ ಜಾಸ್ತಿ ಹೆಂಗಸರು ಸತ್ತರು. ಇದಾದಮೇಲೆ, 1931ರಲ್ಲಿ ನ್ವಾಪಾ ಹುಟ್ಟಿದ್ದು. ಅವರು ಸುತ್ತ ನೋಡಿದ್ದನ್ನೇ ಬರೆದರು.

ಗೋಷ್ಠಿಯಲ್ಲಿ ಇನ್ನೊಬ್ಬ ಲೇಖಕಿ ಬುಚಿ ಎಮೆಚೆಟಾ ಹೆಸರು ಬಂತು, ಅದೂ 'ಪಾಪ, ನೊಂದ ಜೀವ' ಅಂತ. 'ದಿ ಜಾಯ್ಸ್ ಆಫ್ ಮದರ್‌ಹುಡ್' (1979) ಎಂಬ ಅವರ ಕಾದಂಬರಿಯ ನಾಯಕಿ 'ನ್ನು ಇಗೊ' ನಿಜಕ್ಕೂ ನೊಂದವಳೇ. ಲೇಗಾಸ್ ನಗರದ ಒಂದೇ ಕೋಣೆಯಲ್ಲಿ ಸಂಸಾರ. ಗಂಡ ಬಿಳಿಯರ ಮನೆಯಲ್ಲಿ ಬಟ್ಟೆ ಒಗೆಯುತ್ತಾನೆ. ಇವಳು ಸಿಗರೇಟು, ಬೆಂಕಿಪೊಟ್ಟಣ ಮಾರಿ ಮಕ್ಕಳನ್ನು ಓದಿಸುತ್ತಾಳೆ, ಕೊನೆಗೆ ಮಕ್ಕಳ್ಯಾರೂ ಹತ್ತಿರವಿಲ್ಲದೆ ರಸ್ತೆ ಬದಿಯಲ್ಲಿ ಸಾಯುತ್ತಾಳೆ. ಆಮೇಲೆ ಅದ್ಧೂರಿ ತಿಥಿ. ಆ ಪುಟಗಳನ್ನು ಓದುವಾಗ ನಾನು ಪ್ರತಿ ಸಲವೂ ಅಳುತ್ತೇನೆ.

ಆದರೆ ಅದೇ ಕೋಣೆಯಲ್ಲಿ ಸವತಿ ಅಡಾಕು ಇದ್ದಾಳಲ್ಲ! ಅವಳಿಗೆ ಇರುವುದು ಹೆಣ್ಣುಮಕ್ಕಳು ಮಾತ್ರ. ಪಂಚಾಯ್ತಿಗೆ ಬಂದ ಗಂಡಿನ ಕಡೆಯವರು, ಗಂಡು ಹೆತ್ತ ನ್ನು ಇಗೊಳ ಮುಂದೆ ನಿನ್ನ ಮಾತು ನಡೆಯದು ಅಂತ ಅವಳ ಬಾಯಿ ಮುಚ್ಚಿಸುತ್ತಾರೆ. ಅಡಾಕು ಮನೆ ಬಿಡುತ್ತಾಳೆ. ಯಾರು ಏನೇ ಅನ್ನಲಿ, ಸ್ವಂತ ವ್ಯಾಪಾರ ಮಾಡಿ ಹೆಣ್ಣುಮಕ್ಕಳನ್ನು ಒಳ್ಳೆ ಶಾಲೆಯಲ್ಲಿ ಓದಿಸುತ್ತೇನೆ ಅಂತ ಹೊರಡುತ್ತಾಳೆ. ಭಾಷಣದಲ್ಲಿ ಅವಳ ಬಗ್ಗೆ ಒಂದು ಮಾತಿಲ್ಲ! ಎಮೆಚೆಟಾ ಅವರ ಬಗ್ಗೆಯೂ ಇಷ್ಟೇ. ಗಂಡ ಅವರ ಹಸ್ತಪ್ರತಿ ಸುಟ್ಟದ್ದನ್ನು ಮರುಕದಿಂದ ಹೇಳಿದರು. ಅದನ್ನೇ ಮತ್ತೆ ಕೂತು ಬರೆದು 'ದಿ ಬ್ರೈಡ್ ಪ್ರೈಸ್' ಅಂತ ಪ್ರಕಟಿಸಿದ್ದು, ಲಂಡನ್ನಿನಲ್ಲಿ ಒಬ್ಬರೇ ಐದು ಮಕ್ಕಳನ್ನು ಸಾಕಿದ್ದು ಬರಲೇ ಇಲ್ಲ. ಯಾಕೆ ಹೀಗೆ? ನೈಜೀರಿಯಾದ ಹೆಣ್ಣು ಅಳುತ್ತಿದ್ದರೆ ಮಾತ್ರ ನಮ್ಮವರಿಗೆ ಕಾಣುತ್ತಾಳಾ?

ಅಡಿಚಿ ಇಲ್ಲದಿದ್ದರೆ ಇವರನ್ನೆಲ್ಲ ಇಲ್ಲಿ ಯಾರು ಓದುತ್ತಿದ್ದರು ಅಂತ ಪಕ್ಕದಲ್ಲಿದ್ದ ಗೆಳತಿ ಕೇಳಿದಳು. ಓದುಗರನ್ನು ತಂದಿದ್ದು ನಿಜ, ಒಪ್ಪುತ್ತೇನೆ. ಅಡಿಚಿಯ ಕಾದಂಬರಿ 'ಪರ್ಪಲ್ ಹೈಬಿಸ್ಕಸ್' ನನಗೂ ಪ್ರಾಣ. ಆದರೆ ಅದರ ನಾಯಕಿಯ ಸೋದರತ್ತೆ ಇಫಿಯೋಮಾ, ಗಂಡ ಸತ್ತಮೇಲೆ ಮೂರು ಮಕ್ಕಳನ್ನು ಕಟ್ಟಿಕೊಂಡು ಎನ್ಸುಕ್ಕಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತ ದೊಡ್ಡವರ ಮುಖಕ್ಕೇ ಉತ್ತರ ಕೊಡುವ ಆ ಹೆಂಗಸು, ನನಗಂತೂ ಎಫುರುವಿನ ಮನೆತನದವಳಾಗಿಯೇ ಕಾಣುತ್ತಾಳೆ. ಹಿಂದಿನವರನ್ನು ಅಳಿಸಿ ಅಡಿಚಿಯನ್ನು ಹೊಗಳಿದರೆ ಅದು ಅಡಿಚಿಗೂ ಮರ್ಯಾದೆಯಲ್ಲ.

ಇನ್ನು ಉತ್ತರ ನೈಜೀರಿಯಾ. ಅದರ ಸುದ್ದಿಯೇ ಇಲ್ಲ! ಕಾನೊ ನಗರದ ಹೆಂಗಸರು ಹೌಸಾ ಭಾಷೆಯಲ್ಲಿ ಪ್ರೀತಿ, ಮದುವೆ, ಸವತಿಯರ ಕಥೆ ಬರೆದು, ತಾವೇ ಅಚ್ಚು ಹಾಕಿಸಿ, ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಮಾರುತ್ತಾರೆ. 2007ರಲ್ಲಿ ಅಲ್ಲಿನ ರಾಜ್ಯಪಾಲರೇ ಮುಂದೆ ನಿಂತು ಇಂಥ ಪುಸ್ತಕಗಳಿಗೆ ಬೆಂಕಿ ಹಾಕಿಸಿದರು. ಬರೆಯುವವರು ನಿಲ್ಲಿಸಲಿಲ್ಲ. ಅವರಲ್ಲೊಬ್ಬರಾದ ಬಲರಾಬಾ ರಮತ್ ಯಾಕುಬು ಅವರ ಕಾದಂಬರಿಯನ್ನು 2012ರಲ್ಲಿ ಇಂಗ್ಲಿಷಿಗೆ ತಂದಿದ್ದು ಪಕ್ಕದ ಚೆನ್ನೈನ ಬ್ಲಾಫ್ಟ್ ಪ್ರಕಾಶನ.

ನನ್ನ ಹತ್ತಿರ 'ಎಫುರು' ಇದೆ, ಬಲರಾಬಾ ಅವರದ್ದೂ ಇದೆ. ಓದುತ್ತೇನೆ ಅನ್ನುವವರು ಮೆಸೇಜ್ ಮಾಡಿ, ಕೊಡುತ್ತೇನೆ. ಓದಿ ವಾಪಸ್ ಮಾತ್ರ ಕೊಡಬೇಕು.