ಓಡಿದರೆ ಬಾಡಿ ಹೋಗಲ್ಲ, ಊಟ ಬಿಟ್ಟರೆ ಹೋಗುತ್ತೆ

ಪೊಲೀಸ್ ನೇಮಕಾತಿ ಸುದ್ದಿ ಬಂದರೆ ಸಾಕು, ತುಮಕೂರಿನ ಹುಡುಗರು ಎರಡು ಪಾರ್ಟಿ ಆಗಿಬಿಡುತ್ತಾರೆ. ಒಂದು ಪಾರ್ಟಿ ಜಿಮ್‌ಗೆ ಬೆನ್ನು ತೋರಿಸಿ ಬೆಳಗಿನ ಜಾವವೇ ಮಹಾತ್ಮ ಗಾಂಧಿ ಸ್ಟೇಡಿಯಂ, ಅಮಾನಿಕೆರೆ ಅಂತ ಓಡೋದಕ್ಕೆ ಹೊರಡುತ್ತದೆ. ಇನ್ನೊಂದು ಪಾರ್ಟಿ, ಓಡಿದರೆ ಕಷ್ಟಪಟ್ಟು ಕಟ್ಟಿದ ಬಾಡಿ ಇಳಿದುಹೋಗುತ್ತೆ ಅಂತ ಟ್ರ್ಯಾಕ್ ಕಡೆ ತಲೆಯೇ ಹಾಕಲ್ಲ. ನನ್ನ ಅಕ್ಕನ ಮಗ ಮೊದಲನೇ ಪಾರ್ಟಿ. "ಮಾವ, ಫಿಸಿಕಲ್ ಮುಗಿಯೋವರೆಗೂ ಜಿಮ್ ಬಂದ್. ರಾತ್ರಿ ಮುದ್ದೆನೂ ಬಂದ್. ಹಗುರ ಆದ್ರೆ ಸ್ಪೀಡ್ ಬರುತ್ತಂತೆ" ಅಂದ. ಅಂತೆ! ಯಾರು ಹೇಳಿದರೋ.

ನನ್ನ ಪ್ರಕಾರ ಎರಡೂ ಪಾರ್ಟಿಯವರದ್ದು ತಪ್ಪು ಲೆಕ್ಕ.

ಮೊದಲು ಪರೀಕ್ಷೆ ಏನು ಕೇಳುತ್ತೆ ನೋಡಿ. ಕಾನ್‌ಸ್ಟೇಬಲ್ ಹುದ್ದೆಗೆ ಗಂಡು ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು ಚಿಲ್ಲರೆ. ಅಷ್ಟೇ ಅಲ್ಲ, 7.26 ಕೆಜಿ ಗುಂಡನ್ನು 5.60 ಮೀಟರ್ ಎಸೆಯಬೇಕು. ಉದ್ದ ಜಿಗಿತ 3.80 ಮೀಟರ್, ಇಲ್ಲಾ ಎತ್ತರ ಜಿಗಿತ 1.20 ಮೀಟರ್. ಎದೆ ಸುತ್ತಳತೆ ಉಸಿರು ತುಂಬಿದಾಗ 86 ಸೆಂಟಿಮೀಟರ್ ಇರಬೇಕು. ಈಗ ಹೇಳಿ, ಗುಂಡು ಎಸೆಯೋದಕ್ಕೆ, ಜಿಗಿಯೋದಕ್ಕೆ ಶಕ್ತಿ ಬೇಡವಾ? ದಿನಾ ಹತ್ತು ಕಿಲೋಮೀಟರ್ ಓಡಿ ಕಡ್ಡಿ ಆಗಿ ಹೋದರೆ ಓಟ ಪಾಸ್ ಆಗಿ ಗುಂಡಿನ ಹತ್ತಿರ ನಿಂತುಬಿಡಬೇಕಾಗುತ್ತೆ.

ಇನ್ನು 'ಓಟ ಬಾಡಿ ತಿನ್ನುತ್ತೆ' ಅನ್ನುವ ಮಾತು. ಇದು ಪೂರ್ತಿ ಸುಳ್ಳಲ್ಲ. 1980ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಬರೀ ವೇಟ್ಸ್ (ಭಾರ ಎತ್ತುವ ವ್ಯಾಯಾಮ), ಒಂದಕ್ಕೆ ಬರೀ ಓಟ ಮತ್ತು ಸೈಕಲ್, ಮೂರನೆಯದಕ್ಕೆ ಎರಡೂ. ಹತ್ತು ವಾರ ನಡೆಯಿತು. ಎರಡೂ ಮಾಡಿದವರ ಕಾಲಿನ ಶಕ್ತಿ ಮೊದಲು ಚೆನ್ನಾಗಿ ಏರಿ, ಕೊನೆಯ ಎರಡು ವಾರ ಇಳಿಯಿತು. ಆದರೆ ಅವರು ಮಾಡಿದ್ದೆಷ್ಟು? ವಾರಕ್ಕೆ ಐದು ದಿನ ವೇಟ್ಸ್, ಆರು ದಿನ ಏದುಸಿರು ಬರುವ ಓಟ ಮತ್ತು ಸೈಕಲ್. ಅಷ್ಟಾದರೂ ಕೊನೆಗೆ ಅವರ ಶಕ್ತಿ ಶುರುವಿಗಿಂತ ಜಾಸ್ತಿಯೇ ಇತ್ತು. ಈ ಕೊನೇ ಮಾತನ್ನು ಮಾತ್ರ ಯಾರೂ ಹೇಳಲ್ಲ.

ಇರುವ ಸ್ನಾಯು ಉಳಿಸಿಕೊಳ್ಳೋದಕ್ಕೆ ಬೇಕಾದ ಕೆಲಸ ತುಂಬಾ ಕಡಿಮೆ. 2011ರ ಒಂದು ಅಧ್ಯಯನದಲ್ಲಿ 16 ವಾರ ವೇಟ್ಸ್ ಮಾಡಿದ ಯುವಕರು, ಆಮೇಲೆ 32 ವಾರ ಅದರ ಒಂಬತ್ತನೇ ಒಂದು ಭಾಗ ಮಾತ್ರ ಮಾಡಿದರು. ಸ್ನಾಯು ಕರಗಲಿಲ್ಲ. ಗುಟ್ಟು ಏನಪ್ಪಾ ಅಂದರೆ, ಅವರು ಇಳಿಸಿದ್ದು ದಿನಗಳನ್ನು (ವಾರಕ್ಕೆ ಒಂದೇ ದಿನ) ಮತ್ತು ಸೆಟ್‌ಗಳನ್ನು, ಅಂದರೆ ನಿಲ್ಲಿಸದೆ ಒಂದು ಸಲಕ್ಕೆ ಎತ್ತುವ ಸರದಿಗಳನ್ನು; ಎತ್ತುವ ತೂಕವನ್ನಲ್ಲ. ಅವರಿಗೆ ಜೊತೆಗೆ ಓಟದ ತಯಾರಿ ಇರಲಿಲ್ಲ, ಅದಕ್ಕೆ ನಾನು ವಾರಕ್ಕೆ ಒಂದಲ್ಲ, ಎರಡು ದಿನ ಜಿಮ್‌ಗೆ ಹೋಗು ಅಂತೀನಿ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳೋದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು), ಪ್ರೆಸ್ (ಭಾರ ಮೇಲಕ್ಕೆ ತಳ್ಳೋದು), ಪುಲ್ ಅಪ್ (ಕಂಬಿಗೆ ಜೋತು ಮೇಲೇರೋದು). ಮೂರು ಸೆಟ್, ಐದೈದು ಸಲ, ಭಾರವಾಗಿ. ಮುಕ್ಕಾಲು ಗಂಟೆಯಲ್ಲಿ ಮನೆಗೆ. ಬೈಸೆಪ್ಸ್‌ಗೆ ನಾಲ್ಕು ತರದ ಕರ್ಲ್ ಮಾಡ್ತಾ ಕನ್ನಡಿ ನೋಡೋದು ನೇಮಕಾತಿ ಮುಗಿದ ಮೇಲೆ ಇಟ್ಟುಕೊಳ್ಳಿ.

ಓಟಕ್ಕೂ ಇದೇ ಮಾತು. ದಿನಾ ಒಂದೇ ವೇಗದಲ್ಲಿ ಕೆರೆ ಸುತ್ತಿದರೆ ಅದೇ ವೇಗ ರೂಢಿಯಾಗುತ್ತೆ, 97 ಸೆಕೆಂಡಿನ ಸುತ್ತು ಬರಲ್ಲ. ವಾರಕ್ಕೊಂದು ದಿನ 400 ಮೀಟರನ್ನು 95 ಸೆಕೆಂಡಿನ ಆಸುಪಾಸು ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡಬೇಕು. ನಾಲ್ಕು ಸಲದಿಂದ ಶುರು ಮಾಡಿ ಆರು ಸಲಕ್ಕೆ ತರಬಹುದು. ಇನ್ನೊಂದು ದಿನ ಏರು. ದೇವರಾಯನದುರ್ಗದ ರಸ್ತೆ ಇಟ್ಟುಕೊಂಡು ನಮಗೆ ಏರಿಗೆ ಬರವಾ? ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಹತ್ತಿ, ನಿಧಾನ ಇಳಿದು ಬನ್ನಿ. ತೊಡೆಗೆ ಅದೇ ಅರ್ಧ ಜಿಮ್. ಮಿಕ್ಕಂತೆ ಒಂದೆರಡು ದಿನ ಗೆಳೆಯನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನದ ಐದಾರು ಕಿಲೋಮೀಟರ್. ಸ್ಕ್ವಾಟ್ ಮಾಡಿದ ಮಾರನೇ ಬೆಳಿಗ್ಗೆ ಜೋರು ಓಟ ಬೇಡ. ಅದರ ಬದಲು ಬೆಳಿಗ್ಗೆ ಜೋರು ಓಟ, ಅದೇ ಸಂಜೆ ಸ್ಕ್ವಾಟ್, ಮಾರನೇ ದಿನ ಕಾಲಿಗೆ ರಜೆ.

ನಿಜವಾಗಿ ಬಾಡಿ ತಿನ್ನೋದು ಖಾಲಿ ಹೊಟ್ಟೆ. ಓಟ ಜಾಸ್ತಿ ಮಾಡಿ ಊಟ ಕಡಿಮೆ ಮಾಡಿದರೆ ದೇಹ ಎಲ್ಲಿಂದ ತರಬೇಕು? ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಅಂತ ಲೆಕ್ಕ. 65 ಕೆಜಿ ಹುಡುಗನಿಗೆ 104 ಗ್ರಾಂ. ಸಾವಿರಾರು ರೂಪಾಯಿಯ ಪ್ರೋಟೀನ್ ಪುಡಿಯ ಡಬ್ಬಿಯೇ ಬೇಕು ಅಂತಿಲ್ಲ. ನಾಲ್ಕು ಮೊಟ್ಟೆ, ಅರ್ಧ ಲೀಟರ್ ನಂದಿನಿ ಹಾಲು, ಪಾವಗಡ ಕಡೆಯ ಕಡ್ಲೆಕಾಯಿ ಬೀಜ ಐವತ್ತು ಗ್ರಾಂ, ಎರಡು ಹೊತ್ತು ಹುರುಳಿ ಇಲ್ಲಾ ಹೆಸರುಕಾಳಿನ ಸಾರು ಗಟ್ಟಿಯಾಗಿ, ಐವತ್ತು ಗ್ರಾಂ ಸೋಯಾ ಚಂಕ್ಸ್. ಇಷ್ಟಕ್ಕೇ ನೂರರ ಹತ್ತಿರ ಬರುತ್ತೆ, ಮಿಕ್ಕಿದ್ದು ಮುದ್ದೆ ಅನ್ನದಲ್ಲೇ ಸಿಗುತ್ತೆ. ಮುದ್ದೆ ಬಿಡೋದು ಮಾತ್ರ ದಡ್ಡತನ. ಸುತ್ತು ಹೊಡೆಯೋ ಶಕ್ತಿ ಬರೋದೇ ಅದರಿಂದ.

ಹೆಣ್ಣುಮಕ್ಕಳಿಗೆ ಒಂದು ಮಾತು. ನಿಮ್ಮ ಓಟ 400 ಮೀಟರ್, 2 ನಿಮಿಷ. ಗುಂಡು 4 ಕೆಜಿ, 3.75 ಮೀಟರ್. ನಿಮಗೆ ದೂರದ ಓಟಕ್ಕಿಂತ ವೇಟ್ಸೇ ಜಾಸ್ತಿ ಉಪಯೋಗ. 'ಹುಡುಗಿಯರಿಗ್ಯಾಕೆ ಜಿಮ್ಮು' ಅನ್ನೋ ಅತ್ತೆ, ಚಿಕ್ಕಮ್ಮಂದಿರಿಗೆ ಈ ಬರಹ ತೋರಿಸಿ.

ಜಿಮ್ ಪಾರ್ಟಿಗೂ ಒಂದು ಮಾತಿದೆ. ಇಷ್ಟೆಲ್ಲ ಮಾಡಿದರೂ ಒಂದೆರಡು ಕೆಜಿ ಇಳಿಯಬಹುದು. ಇಳಿಯಲಿ ಬಿಡಿ! ಹೆಚ್ಚಿನದು ನೀರು, ಕೊಬ್ಬು. ಟೀ ಶರ್ಟ್ ಸ್ವಲ್ಪ ಸಡಿಲ ಆಯಿತು ಅಂತ ನೌಕರಿ ಬಿಡೋಕಾಗುತ್ತಾ?

ಪರೀಕ್ಷೆಗೆ ವಾರ ಇದ್ದಾಗ ಓಟವನ್ನು ಅರ್ಧಕ್ಕೆ ಇಳಿಸಿ, ಊಟವನ್ನಲ್ಲ. ಹೊಸ ಶೂ ಆ ದಿನ ಹಾಕಬೇಡಿ. ವಿಸಿಲ್ ಹೊಡೆದ ತಕ್ಷಣ ಪಕ್ಕದವನು ಬಾಣದಂತೆ ಹೋದರೆ ಹೋಗಲಿ, ಮೊದಲ ಸುತ್ತು 95ಕ್ಕಿಂತ ಬೇಗ ಮುಗಿಸೋದು ಬೇಡ. ಮೂರನೇ ಸುತ್ತಿನಲ್ಲಿ ಅವನೇ ಸಿಗುತ್ತಾನೆ.